ಪ್ರಫುಲ್ಲಾ ವಾಪಸು ಕೊಟ್ಟ ಕಾರು

ಪ್ರಫುಲ್ಲಾಳಿಗೆ ಸಿಟ್ಟೇ ಬರುವುದಿಲ್ಲ ಎಂದು ಬಹರೈನಿನ ಅವಳ ಕನ್ನಡ ಬಳಗದಲ್ಲಿ ಎಲ್ಲರೂ ಹೇಳುತ್ತಿದ್ದರು. ಅವಳಿಗೆ ಸಿಟ್ಟು ದಿನಾ ಬರುತ್ತಿತ್ತು. ಬೇರೆಯವರ ಕಾರಿನ ಹಿಂದಿನ ಸೀಟಿನಲ್ಲಿ ಕೂತವಳು ಅದನ್ನು ತೋರಿಸುವುದಾದರೂ ಹೇಗೆ?

ಆ ಹಿಂದಿನ ಸೀಟು ಶೈಲೇಶನ ಕಾರಿನದು. ಪ್ರಫುಲ್ಲಾಳ ಗಂಡ ಹರಿನಾಥ ಮತ್ತು ಶೈಲೇಶ ಉಡುಪಿ ಕಡೆಯ ಒಂದೇ ಹೈಸ್ಕೂಲಿನಲ್ಲಿ ಓದಿದವರು. ಹರಿನಾಥ ಅಸ್ಕರ್ ಕಡೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಸೂಪರ್‌ವೈಸರ್. ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಅದೇ ಬಸ್ಸಿನಲ್ಲಿ ವಾಪಸು. ಶೈಲೇಶ ಎಸಿ ರಿಪೇರಿಯ ಸಣ್ಣ ಕೆಲಸದಿಂದ ಶುರುಮಾಡಿ ಈಗ ನಲವತ್ತು ಜನರನ್ನು ಇಟ್ಟುಕೊಂಡವನು, ಜುಫೇರ್‌ನಲ್ಲಿ ದೊಡ್ಡ ಫ್ಲ್ಯಾಟು ಮಾಡಿದವನು. ಹರಿನಾಥ ಮದುವೆಯಾದ ಹೊಸತರಲ್ಲಿ ಮೂರು ಸಲ ಡ್ರೈವಿಂಗ್ ಟೆಸ್ಟಿಗೆ ಹೋಗಿ ಮೂರು ಸಲವೂ ಫೇಲಾಗಿದ್ದ. ಆಮೇಲೆ ಆ ವಿಷಯ ಎತ್ತಿದರೆ, "ಪೇಟೆ ಮಧ್ಯ ಇರುವವರಿಗೆ ಕಾರೆಂತಕ್ಕೆ?" ಎಂದುಬಿಡುತ್ತಿದ್ದ.

ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಮನಾಮಾದ ಹಳೇ ಸೂಕು ಎಂಬ ಪೇಟೆಯ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಕೆಳಗೇ ದಿನಸಿ ಮಾರುವ ಕೋಲ್ಡ್ ಸ್ಟೋರು, ಎದುರಿಗೆ ತರಕಾರಿ ಅಂಗಡಿ, ಐದು ನಿಮಿಷ ನಡೆದರೆ ದೇವಸ್ಥಾನ. ಪ್ರಫುಲ್ಲಾ ಲ್ಯಾಬ್ ಟೆಕ್ನೀಶಿಯನ್ ಆಗಿದ್ದ ಕ್ಲಿನಿಕ್ಕಿಗೂ ನಡೆದೇ ಹೋಗುತ್ತಿದ್ದಳು. ಆದರೆ ಮದುವೆ ಮುಂಜಿ, ಸಂಘದ ಕಾರ್ಯಕ್ರಮ, ಏರ್‌ಪೋರ್ಟು ಎಂದರೆ ಶೈಲೇಶನ ಕಾರೇ ಗತಿ. ಅವನು ಏಳಕ್ಕೆ ಬರುತ್ತೇನೆ ಎಂದರೆ ಇವರು ಆರೂಮುಕ್ಕಾಲಿಗೆ ಕೋಲ್ಡ್ ಸ್ಟೋರಿನ ಮೂಲೆಯಲ್ಲಿ ನಿಂತಿರಬೇಕು. ಅವನು ಏಳೂವರೆಗೆ ಬಂದರೂ ನಕ್ಕುಕೊಂಡೇ ಹತ್ತಬೇಕು. ಮಗಳು ಅನಿಷಾ ನಾಲ್ಕು ವರ್ಷದವಳಿದ್ದಾಗ ಒಮ್ಮೆ ಅವನ ಆಗಿನ ಕಾರಿನಲ್ಲಿ ವಾಂತಿ ಮಾಡಿಕೊಂಡಿದ್ದಳು. ಅವಳಿಗೆ ಹದಿನಾರಾದರೂ ಶೈಲೇಶನ ಹೆಂಡತಿ ಶರ್ಮಿಳಾ ಹೊಸಬರ ಮುಂದೆ ಆ ಕಥೆ ಹೇಳುವುದನ್ನು ಬಿಟ್ಟಿರಲಿಲ್ಲ. ಅವರ ಮನೆಯಲ್ಲಿ ಹಬ್ಬವಿದ್ದರೆ ಹಿಂದಿನ ದಿನ ಪತ್ರೊಡೆ ಸುತ್ತಲು ಪ್ರಫುಲ್ಲಾ ಹೋಗಬೇಕು. ಹೋಗುವುದಿಲ್ಲ ಎಂದರೆ ಹರಿನಾಥ, "ಅವರು ನಮಗೆ ಅಷ್ಟು ಮಾಡ್ತಾರೆ ಮಾರಾಯ್ತಿ, ಎರಡು ಗಂಟೆ ಹೋಗಿ ಬಾ" ಎನ್ನುತ್ತಿದ್ದ. ಅವಳು ಹೋಗುತ್ತಿದ್ದಳು. ಕೆಸುವಿನೆಲೆಯ ನಾರು ತೆಗೆಯುತ್ತಾ ಹಲ್ಲು ಕಚ್ಚುತ್ತಿದ್ದಳು.

ಕಳೆದ ವರ್ಷ ಕ್ಲಿನಿಕ್ಕಿನವರು ಲ್ಯಾಬನ್ನು ದೂರದ ರಿಫಾಕ್ಕೆ ಸಾಗಿಸಿದರು. ಮಾಲೀಕರು ಕೇಕು ಕತ್ತರಿಸಿ, ಹೊಸ ಯಂತ್ರಗಳನ್ನು ತೋರಿಸಿ, ಹೋಗಿ ಬರುವ ವ್ಯವಸ್ಥೆ ಅವರವರದ್ದೇ ಎಂದು ಕೊನೆಯಲ್ಲಿ ತಿಳಿಸಿದರು. ಎರಡು ಬಸ್ಸು, ನಡುವೆ ಇಪ್ಪತ್ತು ನಿಮಿಷ ಕಾಯುವಿಕೆ. ಜುಲೈ ತಿಂಗಳ ಒಂದು ಮಧ್ಯಾಹ್ನ ಬಸ್ ಸ್ಟಾಪಿನ ಕಂಬದ ನೆರಳು ಎಷ್ಟಿತ್ತೋ ಅಷ್ಟರಲ್ಲೇ ಮೈ ತೂರಿಸಿ ನಿಂತಿದ್ದ ಪ್ರಫುಲ್ಲಾ ಕಣ್ಣಿಗೆ ಕತ್ತಲೆ ಬಂದು ಕುಸಿದು ಕೂತಳು. ಪಾಕಿಸ್ತಾನದ ಒಬ್ಬ ಕೂಲಿಯವನು ತನ್ನ ಬಾಟಲಿಯ ನೀರನ್ನು ಅವಳ ಕೈಗೆ ಕೊಟ್ಟ. ಮನೆಗೆ ಬಂದು ಹೇಳಿದಾಗ ಹರಿನಾಥ, "ಛತ್ರಿ ತಗೊಂಡು ಹೋಗ್ಬಾರ್ದಾ?" ಎಂದ.

"ನಾನು ಕಾರು ಕಲೀತೇನೆ" ಎಂದಳು ಅವಳು.

"ಈ ಪ್ರಾಯದಲ್ಲಾ?"

"ನಲವತ್ತನಾಲ್ಕು. ನಿಮಗೆ ಆಗದ್ದು ನನಗೂ ಆಗ್ಬಾರ್ದು ಅಂತ ಉಂಟಾ?"

ಹದಿನೇಳು ವರ್ಷದಲ್ಲಿ ಅವಳು ಗಂಡನಿಗೆ ಅಂಥ ಮಾತು ಆಡಿರಲಿಲ್ಲ. ಹರಿನಾಥ ಟಿವಿಯ ಸದ್ದು ಏರಿಸಿದ.

ಕಲಿಸಲು ಸಿಕ್ಕಿದವಳು ಫಿದಾ ಎಂಬ ಬಹರೈನಿ ಹೆಂಗಸು. ಕಪ್ಪು ಅಬಾಯ, ಕಪ್ಪು ಕನ್ನಡಕ, ಕೈಯಲ್ಲಿ ಸದಾ ಕಾಗದದ ಲೋಟದ ಚಹಾ. ಹಿಂದಿ ಇಂಗ್ಲಿಷು ಬೆರೆಸಿ ಮಾತಾಡುತ್ತಿದ್ದಳು. ಮೊದಲ ವಾರ ಪ್ರಫುಲ್ಲಾ ರೌಂಡ್‌ಅಬೌಟಿನಲ್ಲಿ ಯಾರು ಹಾರ್ನ್ ಹೊಡೆದರೂ ಸಾರಿ, ಸಾರಿ ಎನ್ನುತ್ತಿದ್ದಳು. ಐದಾರು ಸಲ ಕೇಳಿದ ಮೇಲೆ ಫಿದಾ ತನ್ನ ಕಡೆಯ ಬ್ರೇಕು ಒತ್ತಿ ಕಾರನ್ನು ಬದಿಗೆ ನಿಲ್ಲಿಸಿದಳು. "ಯಾರಿಗೆ ಸಾರಿ? ಅವನಿಗೆ ಕೇಳಿಸುತ್ತಾ? ಮುಂದೆ ನೋಡು. ಯಲ್ಲಾ, ನಡಿ!" ಎಂದಳು. ಪ್ರಫುಲ್ಲಾ ಮೊದಲ ಟೆಸ್ಟಿನಲ್ಲಿ ಫೇಲಾದಳು, ಎರಡನೆಯದರಲ್ಲಿ ಪಾಸಾದಳು. ಲೈಸೆನ್ಸಿನ ಕಾರ್ಡನ್ನು ಊಟದ ಮೇಜಿನ ಮೇಲೆ ಇಟ್ಟಾಗ ಹರಿನಾಥ ಅದನ್ನು ತಿರುಗಿಸಿ ನೋಡಿ, "ಫೋಟೋ ಒಳ್ಳೆ ಬರ್ಲಿಲ್ಲ" ಎಂದ. ಅನಿಷಾ ಮಾತ್ರ ಅಮ್ಮನ ಕುತ್ತಿಗೆಗೆ ಜೋತುಬಿದ್ದು ಇಂಗ್ಲಿಷಿನಲ್ಲಿ ಕಿರುಚಿದಳು.

ಕಾರು ಹುಡುಕುವ ವಿಷಯ ಬಂದದ್ದೇ ತಡ, ಶೈಲೇಶ ತಾನಾಗಿ ಮನೆಗೆ ಬಂದ. ಅವನು ಹೊಸ ದೊಡ್ಡ ಗಾಡಿ ತೆಗೆದುಕೊಳ್ಳುವವನಿದ್ದ. ಹಳೆಯ ಬೆಳ್ಳಿ ಬಣ್ಣದ ಕಾರನ್ನು ಇವರಿಗೇ ಕೊಡುತ್ತೇನೆ ಎಂದ.

"ಹರಿಯಣ್ಣ, ಹೊರಗಿನವರು ಜಾಸ್ತಿ ಕೊಡ್ತೇವೆ ಅಂತ ಬೆನ್ನು ಬಿದ್ದಿದ್ದಾರೆ. ಆದ್ರೆ ನಮ್ಮವರಿಗೆ ಹೋಗ್ಲಿ ಅಂತ ನನ್ನ ಆಸೆ. ಗಾಡಿ ನಿಮಗೆ ಗೊತ್ತುಂಟಲ್ಲ, ನೀವೇ ಕೂತು ಓಡಾಡಿದ್ದು."

ಪ್ರಫುಲ್ಲಾ ಚಹಾ ತಂದಿಟ್ಟು ಅಲ್ಲೇ ಕೂತಳು. "ಸರ್ವೀಸ್ ಕಾಗದ ಎಲ್ಲ ಉಂಟಾ ಶೈಲೇಶಣ್ಣ? ಒಮ್ಮೆ ಗ್ಯಾರೇಜಿನವರ ಹತ್ರ ತೋರಿಸುವ ಅಂತ."

ಶೈಲೇಶ ಹರಿನಾಥನ ಕಡೆಗೇ ನೋಡಿ ನಕ್ಕ. "ಏನು ಹರಿಯಣ್ಣ, ಅತ್ತಿಗೆಗೆ ನನ್ನ ಮೇಲೆ ಡೌಟಾ?"

"ಛೆ ಛೆ, ಅವಳಿಗೆ ಗೊತ್ತಾಗುದಿಲ್ಲ" ಎಂದ ಹರಿನಾಥ. ಕಾರಿಗೆ ಹೋಗುವ ಹಣ ಅವಳ ಸಂಬಳದಿಂದ ಉಳಿಸಿದ್ದು. ಓಡಿಸುವವಳು ಅವಳು. ಅರ್ಧ ಗಂಟೆಯ ಮಾತಿನಲ್ಲಿ ಶೈಲೇಶ ಒಮ್ಮೆಯೂ ಅವಳ ಕಡೆ ತಿರುಗಲಿಲ್ಲ. ಪ್ರಫುಲ್ಲಾ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ ಸಿಂಕಿನಲ್ಲಿ ಸದ್ದಾಗುವಂತೆ ಇಟ್ಟಳು. ಆದರೂ ಒಪ್ಪಿದಳು. ಬಸ್ ಸ್ಟಾಪಿಗೆ ಇನ್ನೊಂದು ದಿನವೂ ಹೋಗಲು ಅವಳಿಗೆ ಮನಸ್ಸಿರಲಿಲ್ಲ.

ಕಾರು ಅವಳ ಹೆಸರಿಗಾಯಿತು. ಮುಲ್ಕಿಯಾ ಎಂಬ ಒಡೆತನದ ಕಾರ್ಡಿನ ಮೇಲೆ ತನ್ನ ಹೆಸರು ಓದಿ ಅವಳಿಗೆ ಆದ ಖುಷಿ ಹದಿಮೂರು ದಿನ ಇತ್ತು. ಹದಿನಾಲ್ಕನೆಯ ದಿನ ರಿಫಾದಿಂದ ವಾಪಸು ಬರುವಾಗ, ಹೈವೇಯ ನಡುವಿನ ಲೇನಿನಲ್ಲಿ, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಹತ್ತಿ ಎಂಜಿನ್ ನಿಂತುಹೋಯಿತು. ಸ್ಟೇರಿಂಗ್ ಕಲ್ಲಿನಂತೆ ಬಿಗಿಯಿತು. ಹಿಂದಿನಿಂದ ಬರುತ್ತಿದ್ದ ಟ್ಯಾಂಕರ್ ಹಾರ್ನ್ ಹೊಡೆಯುತ್ತಾ ಪಕ್ಕದಲ್ಲೇ ಹಾದುಹೋದಾಗ ಇಡೀ ಕಾರು ಅಲುಗಾಡಿತು. ದಾರಿಯಲ್ಲಿ ಶಾಲೆಯಿಂದ ಹತ್ತಿಸಿಕೊಂಡಿದ್ದ ಅನಿಷಾ ಪಕ್ಕದ ಸೀಟಿನಿಂದ, "ಅಮ್ಮಾ!" ಎಂದು ಕೂಗಿದಳು, ಗಾಬರಿಗೆ ಇಂಗ್ಲಿಷು ಬರಲಿಲ್ಲ. ಎರಡೂ ಕೈಗಳಿಂದ ಸ್ಟೇರಿಂಗನ್ನು ಎಳೆದೂ ಎಳೆದೂ ಪ್ರಫುಲ್ಲಾ ಕಾರನ್ನು ಬದಿಗೆ ತಂದಳು. ಮಗಳನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ ಸಹಾಯಕ್ಕೆ ಫೋನು ಮಾಡಿದಳು.

ಕಾರನ್ನು ಎಳೆದುಕೊಂಡು ಹೋದದ್ದು ಸಲ್ಮಾಬಾದಿನ ಒಂದು ಗ್ಯಾರೇಜಿಗೆ. ಅಲ್ಲಿನ ಮೆಕ್ಯಾನಿಕ್ ಫವಾಝ್ ಉಳ್ಳಾಲದವನು. ಕನ್ನಡ ಕೇಳಿದ್ದೇ ಸ್ಟೂಲು ಎಳೆದು ಕೂರಿಸಿ, "ಬೆಳಿಗ್ಗೆ ಬನ್ನಿ ಅಕ್ಕ, ಬಿಚ್ಚಿ ನೋಡ್ತೇನೆ" ಎಂದ. ಮರುದಿನ ರಜೆ ಹಾಕಿ ಹೋದಾಗ ಕಾರಿನ ಸೀಟುಗಳು ಹೊರಗಿದ್ದವು, ನೆಲದ ಕಾರ್ಪೆಟ್ ಮಗುಚಿತ್ತು. ಫವಾಝ್ ಏನೂ ಹೇಳದೆ ಡ್ರೈವರ್ ಕಡೆಯ ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ತೋರಿಸಿದ. ಯಾರೂ ಎಂದೂ ಎಳೆಯದ ಆ ಕೊನೆಯ ಗೇಣಿನಲ್ಲಿ ಕೆಸರಿನ ಕಂದು ಗೆರೆ ಅಡ್ಡಕ್ಕೆ ಕೂತಿತ್ತು.

"ಇದು ನೀರಲ್ಲಿ ಮುಳುಗಿದ ಗಾಡಿ ಅಕ್ಕ. ಸೀಟಿನ ಮಟ್ಟಕ್ಕೆ ನೀರು ಬಂದದ್ದು. ಇಲ್ಲಿ ನೋಡಿ, ವಯರೆಲ್ಲ ಹಸಿರು ಕಟ್ಟಿದೆ. ಮೇಲಿಂದ ತೊಳೆದು ಸೆಂಟ್ ಹೊಡೆದಿದ್ದಾರೆ."

"ರಿಪೇರಿ ಆಗುದಿಲ್ವಾ?"

"ಎಂಜಿನ್ ಓಡಿಸ್ಬಹುದು. ಆದ್ರೆ ಏರ್‌ಬ್ಯಾಗಿನ ಪೆಟ್ಟಿಗೆ ಈ ಸೀಟಿನ ಅಡಿಯಲ್ಲಿರುದು, ಅದನ್ನು ತುಕ್ಕು ತಿಂದಿದೆ. ಬೇಕಾದಾಗ ತೆರೀಲಿಕ್ಕಿಲ್ಲ. ಬೇಡದಾಗ ತೆರೆದ್ರೂ ತೆರೀಬಹುದು. ಅದು ಕೆಟ್ಟದ್ದು ತೋರಿಸುವ ದೀಪ ಕಾಣ್ಬಾರ್ದು ಅಂತ ಆ ಬಲ್ಬನ್ನೇ ತೆಗೆದಿದ್ದಾರೆ." ಅವನು ಕೈ ಒರೆಸಿಕೊಂಡ. "ನಾನಾದ್ರೆ ನನ್ನ ಮನೆಯವರನ್ನು ಇದರಲ್ಲಿ ಕೂರಿಸುದಿಲ್ಲ."

ಅಲ್ಲೇ ನಿಂತು ಪ್ರಫುಲ್ಲಾಳಿಗೆ ಎಲ್ಲ ನೆನಪಾಯಿತು. ಎರಡು ವರ್ಷದ ಹಿಂದಿನ ಏಪ್ರಿಲ್. ಬಹರೈನಿನ ರಸ್ತೆಗಳೆಲ್ಲ ಕೆರೆಯಾದ ಆ ಮಳೆ. ಶೈಲೇಶನ ಕಟ್ಟಡದ ತಳದ ಪಾರ್ಕಿಂಗಿಗೆ ನೀರು ನುಗ್ಗಿದ್ದನ್ನು ಶರ್ಮಿಳಾ ತಿಂಗಳುಗಟ್ಟಲೆ ವರ್ಣಿಸಿದ್ದಳು. ಲಿಫ್ಟು ನಿಂತದ್ದು, ಕೆಳಗಿಟ್ಟ ಅಕ್ಕಿ ಚೀಲ ಹಾಳಾದದ್ದು. ಕಾರಿನ ಸುದ್ದಿ ಮಾತ್ರ ಎತ್ತಿರಲಿಲ್ಲ. ಕಾರು ಸರ್ವೀಸಿಗೆ ಹೋಗಿದೆ ಎಂದು ಮೂರು ವಾರ ಶೈಲೇಶ ಬಂದಿರಲಿಲ್ಲ. ಎಲ್ಲ ತನ್ನ ಕಣ್ಣೆದುರೇ ಇತ್ತು. ತಾನು ಜೋಡಿಸಿ ನೋಡಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಮೈ ಉರಿಯಿತು.

ಸಂಜೆ ಹರಿನಾಥ ಬಂದು ಶೂ ಬಿಚ್ಚುವ ಮೊದಲೇ ಹೇಳಿದಳು. ನೀರು, ಕೆಸರು, ಏರ್‌ಬ್ಯಾಗು, ಒಂದೂ ಬಿಡದೆ. ಹರಿನಾಥ ಬಗ್ಗಿ ಶೂ ಲೇಸನ್ನೇ ನೋಡುತ್ತಾ ಕೂತಿದ್ದ. ಹೌದಾ, ಯಾವಾಗ, ಹೇಗೆ ಎಂದು ಅವನು ಕೇಳಲಿಲ್ಲ.

"ನಿಮಗೆ ಗೊತ್ತಿತ್ತು."

"ಸ್ವಲ್ಪ ನೀರು ಬಂದಿತ್ತು ಅಂದಿದ್ದ. ಕಾರ್ಪೆಟ್ ಒದ್ದೆ ಆಯ್ತು, ಒಣಗಿಸಿದ್ದೇವೆ ಅಂದ. ನಾನು ಎಂತ ಹೇಳುದು?"

"ನನಗೆ ಹೇಳ್ಬೇಕಿತ್ತು."

"ಹೇಳಿದ್ರೆ ನೀನು ಬೇಡ ಅಂತಿದ್ದಿ. ಅವನ ಮುಖ ನೋಡುದು ಹೇಗೆ ಆಮೇಲೆ? ಇಷ್ಟು ವರ್ಷ..."

"ಅವನ ಮುಖ ನೋಡ್ಲಿಕ್ಕೆ ನನ್ನನ್ನೂ ಮಗಳನ್ನೂ ಅದರಲ್ಲಿ ಕೂರಿಸಿದ್ರಾ?" ಪ್ರಫುಲ್ಲಾಳ ಸ್ವರ ಅಡ್ಡಗೋಡೆ ದಾಟಿ ಪಕ್ಕದ ಮನೆಗೂ ಕೇಳಿರಬೇಕು. "ಟ್ಯಾಂಕರ್ ಎಷ್ಟು ಹತ್ರ ಹೋಯ್ತು ಗೊತ್ತುಂಟಾ? ಅನಿಷಾಳನ್ನು ಕೇಳಿ! ಟೆಸ್ಟಲ್ಲಿ ಫೇಲಾದದ್ದು ತಪ್ಪಲ್ಲ ಇವರೇ, ಯಾರು ಬೇಕಾದ್ರೂ ಫೇಲಾಗ್ತಾರೆ. ಬೇರೆಯವರ ಕಾರು ಹತ್ತಿ ಹತ್ತಿ ನಿಮಗೆ ಬೇಡ ಅನ್ಲಿಕ್ಕೇ ಮರೆತುಹೋಗಿದೆ. ಅದು ತಪ್ಪು."

ಆ ದಿನ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಮರುದಿನ ಶುಕ್ರವಾರ. ಬೆಳಿಗ್ಗೆ ಹತ್ತಕ್ಕೆ ಪ್ರಫುಲ್ಲಾ ಟ್ಯಾಕ್ಸಿ ಹಿಡಿದು ಜುಫೇರಿಗೆ ಹೊರಟಳು. ಬರುವುದಿಲ್ಲ ಎಂದಿದ್ದ ಹರಿನಾಥ ಟ್ಯಾಕ್ಸಿಯ ಬಾಗಿಲು ಮುಚ್ಚುವ ಮುನ್ನ ಬಂದು ಮುಂದೆ ಕೂತ.

ಶೈಲೇಶ ಬನಿಯನ್ ಪಂಚೆಯಲ್ಲಿ ನೀರುದೋಸೆ ತಿನ್ನುತ್ತಿದ್ದ. "ಓಹೋ, ಬನ್ನಿ ಬನ್ನಿ, ಹೊಸ ಕಾರಲ್ಲಿ ಬಂದದ್ದಾ?" ಎಂದ. ಪ್ರಫುಲ್ಲಾ ಕೂರಲಿಲ್ಲ. ಫೋನಿನಲ್ಲಿದ್ದ ಫೋಟೋಗಳನ್ನು ಅವನ ತಟ್ಟೆಯ ಪಕ್ಕ ಇಟ್ಟಳು.

"ಇದೆಂತ ಶೈಲೇಶಣ್ಣ?"

ಅವನು ನೋಡಿದ. ಕೈ ತೊಳೆದು ಬಂದ. "ಹಳೇ ಗಾಡಿ ಅಂದ್ಮೇಲೆ ಸಣ್ಣಪುಟ್ಟದ್ದು ಇರ್ತದೆ. ಆ ಗ್ಯಾರೇಜಿನವರು ಬಿಲ್ಲು ಮಾಡ್ಲಿಕ್ಕೆ ಹೆದರಿಸ್ತಾರೆ. ಹರಿಯಣ್ಣ, ನೀವು ಹೇಳಿ, ನಾನು ನಿಮಗೆ ಹೇಳಿದ್ದೆ ಅಲ್ವಾ?"

"ನನ್ನ ಹತ್ರ ಮಾತಾಡಿ" ಎಂದಳು ಪ್ರಫುಲ್ಲಾ. "ಕಾರು ನನ್ನ ಹೆಸರಲ್ಲಿರುದು. ಏರ್‌ಬ್ಯಾಗಿನ ಬಲ್ಬು ತೆಗೆದದ್ದು ಸಣ್ಣಪುಟ್ಟದ್ದಾ?"

ಶೈಲೇಶನ ಮುಖ ಕೆಂಪಗಾಯಿತು. "ನೋಡಿ, ಹದಿನಾಲ್ಕು ವರ್ಷ ನಿಮ್ಮನ್ನು ಹೊತ್ತು ತಿರುಗಿದ್ದೇನೆ. ಏರ್‌ಪೋರ್ಟು, ಆಸ್ಪತ್ರೆ, ಎಲ್ಲಿಗೆ ಇಲ್ಲ ಹೇಳಿ? ಒಂದು ದಿನ ಪೆಟ್ರೋಲಿಗೆ ಅಂತ ಕೇಳಿದ್ದೇನಾ? ಅದನ್ನೆಲ್ಲ ಮರೆತು ಬಾಗಿಲಿಗೆ ಬಂದು ಜಗಳ ಮಾಡ್ತೀರಲ್ಲ, ನಾಚಿಕೆ ಆಗುದಿಲ್ವಾ?"

ಪ್ರಫುಲ್ಲಾ ಅವನ ಎದುರಿಗೇ ಬಂದು ನಿಂತಳು.

"ಮರೀಲಿಲ್ಲ. ಕೂರಿಸಿಕೊಂಡು ಹೋದದ್ದಕ್ಕೆ ತಲೆ ತಗ್ಗಿಸಿಯೇ ಇದ್ದೆ, ಒಂದು ದಿನವೂ ತಲೆ ಎತ್ತಿ ಮಾತಾಡ್ಲಿಲ್ಲ. ಆ ತಗ್ಗಿದ ತಲೆ ನೋಡಿಯೇ ಅಲ್ವಾ ಈ ಕಾರು ಇವರಿಗೆ ದಾಟಿಸ್ಬಹುದು ಅಂತ ನಿಮಗೆ ಅನ್ನಿಸಿದ್ದು? ಹೊರಗಿನವರಾಗಿದ್ರೆ ಗ್ಯಾರೇಜಿಗೆ ತೋರಿಸ್ತಿದ್ರು. ನಾವು ತೋರಿಸುದಿಲ್ಲ ಅಂತ ಗೊತ್ತಿತ್ತು ನಿಮಗೆ." ಅವಳು ಬ್ಯಾಗಿನಿಂದ ಕೀ ತೆಗೆದು ಮೇಜಿನ ಮೇಲೆ ಹಾಕಿದಳು. "ಏನೂ ತೊಂದರೆ ಇಲ್ಲದ ಕಾರಾದ್ರೆ ಗ್ಯಾರೇಜಿಂದ ತರಿಸ್ತೇನೆ. ನೀವು ಶರ್ಮಿಳಾಳನ್ನೂ ಮಕ್ಕಳನ್ನೂ ಕೂರಿಸಿಕೊಂಡು ಸೌದಿ ಸೇತುವೆ ಕಾಸ್‌ವೇವರೆಗೆ ಒಮ್ಮೆ ಹೋಗಿ ಬನ್ನಿ. ಬಂದ ಮೇಲೆ ನಾನು ಸುಮ್ಮನೆ ಇಟ್ಟುಕೊಳ್ತೇನೆ, ಒಂದು ಮಾತು ಆಡುದಿಲ್ಲ."

ಶೈಲೇಶ ಕೀ ಮುಟ್ಟಲಿಲ್ಲ. ಆಗ ಅಡುಗೆಮನೆಯ ಬಾಗಿಲಲ್ಲಿ ದೋಸೆ ಸಟ್ಟುಗ ಹಿಡಿದು ನಿಂತಿದ್ದ ಶರ್ಮಿಳಾ ಅಳತೊಡಗಿದಳು.

"ನಾನು ಹೇಳಿದ್ದೆ ನಿಮಗೆ, ಅವರಿಗೆ ಕೊಡ್ಬೇಡಿ ಅಂತ. ಮಳೆ ಆದ್ಮೇಲೆ ನಮ್ಮ ಮಕ್ಕಳನ್ನು ಅದರಲ್ಲಿ ಹತ್ತಿಸ್ಲಿಲ್ಲ ನೀವು. ಆಫೀಸಿನ ವ್ಯಾನಲ್ಲೇ ಶಾಲೆಗೆ ಕಳಿಸಿದ್ದು. ಅವರಿಗೂ ಮಗಳಿದ್ದಾಳೆ ಅಂದ್ರೆ, ಬಾಯಿಮುಚ್ಚು ಅಂದ್ರಿ."

ತನ್ನ ಮಕ್ಕಳನ್ನು ಕೂರಿಸದ ಸೀಟಿನಲ್ಲಿ ಶೈಲೇಶ ಎರಡು ವರ್ಷ ಅನಿಷಾಳನ್ನು ಕೂರಿಸಿಕೊಂಡು ಹೋಗಿದ್ದ, ಆಮೇಲೆ ಅದನ್ನೇ ಮಾರಿದ್ದ. ಪ್ರಫುಲ್ಲಾಳಿಗೆ ಹೊಡೆಯಬೇಕು ಅನ್ನಿಸಿತು. ಮೇಜಿನ ಅಂಚನ್ನು ಹಿಡಿದುಕೊಂಡು ತಡೆದಳು.

ಇಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದ ಹರಿನಾಥ ಮೊದಲ ಬಾರಿಗೆ ಬಾಯಿಬಿಟ್ಟ. "ಶೈಲೇಶ, ಗಾಡಿ ವಾಪಸು ತಗೋ. ಭಾನುವಾರ ಹೆಸರು ಬದಲಾಯಿಸಿಕೊಂಡು ಬಾ." ಸ್ವರ ಸಣ್ಣದಿತ್ತು, ಆದರೆ ನಡುಗಲಿಲ್ಲ. "ಇಲ್ಲದಿದ್ರೆ ಪೊಲೀಸರ ಹತ್ರ ಹೋಗುವವಳು ಇವಳು. ನಾನು ಸಾಕ್ಷಿ ಹೇಳ್ತೇನೆ. ನೀನು ನನಗೆ ಹೇಳಿದ್ದೆಷ್ಟು, ಮುಚ್ಚಿಟ್ಟದ್ದೆಷ್ಟು, ಎಲ್ಲ."

ಶೈಲೇಶ ಕಾರು ವಾಪಸು ತೆಗೆದುಕೊಂಡ. ಭಾನುವಾರ ಕೌಂಟರಿನ ಮುಂದೆ ಪಕ್ಕಪಕ್ಕ ಕೂತಿದ್ದರೂ ಫೋನಿನಿಂದ ತಲೆ ಎತ್ತಲಿಲ್ಲ. ಹಣವೂ ಅದೇ ವಾರ ಬಂತು. ಆದರೆ ಬಳಗದಲ್ಲಿ ಕಥೆ ಬೇರೆಯಾಗಿ ಹರಡಿತು. ಒಂದು ಹಳೇ ಕಾರಿಗಾಗಿ ಪ್ರಫುಲ್ಲಾ ಇನ್ನೊಬ್ಬರ ಮನೆಗೆ ನುಗ್ಗಿ ಕೂಗಾಡಿದಳಂತೆ, ಗಂಡನ ಮರ್ಯಾದೆ ತೆಗೆದಳಂತೆ. ಸಂಘದ ಹಿರಿಯರಾದ ಸರೋಜಿನಿ ಎಂಬವರು ಫೋನು ಮಾಡಿ, "ಪರದೇಶದಲ್ಲಿ ನಮ್ಮನಮ್ಮವರು ಒಟ್ಟಿಗಿರ್ಬೇಕಮ್ಮ, ಸ್ವಲ್ಪ ಸಹಿಸಿಕೊಳ್ಬೇಕು" ಎಂದರು. "ಸಾಯುವಷ್ಟು ಸಹಿಸಿಕೊಳ್ಬೇಕಾ ಸರೋಜಿನಿಯಮ್ಮ? ನಿಮ್ಮ ಮೊಮ್ಮಗಳಾಗಿದ್ರೆ ಹೀಗೇ ಹೇಳ್ತಿದ್ರಾ?" ಎಂದು ಕೇಳಿ ಪ್ರಫುಲ್ಲಾ ಫೋನಿಟ್ಟಳು. ನಾಲ್ಕಾರು ಮನೆಗಳಿಂದ ಕರೆಯೋಲೆ ಬರುವುದು ನಿಂತಿತು. ಶರ್ಮಿಳಾಳಿಂದ ಒಂದು ದಿನ ಎರಡೇ ಶಬ್ದದ ಮೆಸೇಜು ಬಂತು: ತಪ್ಪಾಯಿತು ಅಕ್ಕ. ಉತ್ತರ ಬರೆಯಲು ಪ್ರಫುಲ್ಲಾ ಮೂರು ಸಲ ಕೂತಳು, ಮೂರು ಸಲವೂ ಎದ್ದಳು.

ಮತ್ತೆ ಎರಡು ತಿಂಗಳು ಅದೇ ಬಸ್ಸು. ಆದರೆ ಈಗ ಅವಳು ಸಂಜೆ ಹೊತ್ತು ಫೋನು ಹಿಡಿದು ತಾನೇ ಕಾರು ಹುಡುಕುತ್ತಿದ್ದಳು, ತಾನೇ ಮಾರುವವರ ಜೊತೆ ಮಾತಾಡುತ್ತಿದ್ದಳು. "ನಿಮ್ಮ ಯಜಮಾನರಿಗೆ ಕೊಡಿ" ಎಂದವರ ಫೋನನ್ನು ಅಲ್ಲಿಗೇ ಕಟ್ ಮಾಡುತ್ತಿದ್ದಳು. ಕೊನೆಗೆ ಸಿಕ್ಕಿದ್ದು ಕ್ಯಾರೆನ್ ಎಂಬ ಫಿಲಿಪೀನ್ಸಿನ ನರ್ಸೊಬ್ಬಳ ಚಿಕ್ಕ ಕೆಂಪು ಕಾರು. ಅವಳು ಊರಿಗೆ ವಾಪಸು ಹೋಗುವವಳಿದ್ದಳು. ಬಾಗಿಲಿನ ಗೀರು, ಒಮ್ಮೆ ಕಂಬಕ್ಕೆ ತಾಗಿಸಿದ್ದು, ಎಸಿ ತಣ್ಣಗಾಗಲು ಹಿಡಿಯುವ ಹೊತ್ತು, ಎಲ್ಲವನ್ನೂ ಕೇಳುವ ಮೊದಲೇ ಹೇಳಿದಳು. ಫವಾಝ್ ಎರಡು ಗಂಟೆ ಅದರ ಅಡಿಯಲ್ಲಿ ಮಲಗಿ ನೋಡಿ, "ಇದನ್ನು ತಗೊಳ್ಳಿ ಅಕ್ಕ" ಎಂದ.

ಕಾರು ಬಂದ ಮೊದಲ ವಾರ ಹರಿನಾಥ ಅದರಲ್ಲಿ ಹತ್ತಲಿಲ್ಲ. ಅವಳು ಕರೆಯಲೂ ಇಲ್ಲ. ಮನೆಯಲ್ಲಿ ಮಾತು ಉಪ್ಪು ಸಾಕಾ, ಬಿಲ್ಲು ಕಟ್ಟಿದ್ದೀರಾ ಎನ್ನುವಷ್ಟಕ್ಕೇ ನಿಂತಿತ್ತು. ಒಂದು ಬೆಳಿಗ್ಗೆ ಕಂಪನಿ ಬಸ್ಸು ಕೆಟ್ಟು ಬರಲಿಲ್ಲ. ಹರಿನಾಥ ಊಟದ ಡಬ್ಬಿ ಹಿಡಿದುಕೊಂಡು ಮೇಲೆ ಬಂದು ಬಾಗಿಲಲ್ಲೇ ನಿಂತ.

"ಅಸ್ಕರ್‌ವರೆಗೆ ಬಿಡ್ತೀಯಾ?"

ಪ್ರಫುಲ್ಲಾ ಕೀ ಎತ್ತಿಕೊಂಡಳು. ಕೆಳಗೆ ಕಾರಿನಲ್ಲಿ ಕೂತ ಮೇಲೆ ಅವನು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ನಾನು ಆ ದಿನವೇ ನಿನ್ನ ಹತ್ರ ಹೇಳ್ಬೇಕಿತ್ತು" ಎಂದ.

"ಹೌದು, ಹೇಳ್ಬೇಕಿತ್ತು. ನನಗಿನ್ನೂ ಸಿಟ್ಟು ಹೋಗ್ಲಿಲ್ಲ. ಯಾವಾಗ ಹೋಗ್ತದೆ ಅಂತಲೂ ಗೊತ್ತಿಲ್ಲ."

"ಗೊತ್ತುಂಟು."

ಅವಳು ಗಲ್ಲಿಯಿಂದ ಕಾರನ್ನು ಹಿಂದಕ್ಕೆ ತೆಗೆದಳು. ಮೀನಿನ ಪಿಕಪ್ಪೊಂದು ಅಡ್ಡ ನಿಂತಿತ್ತು. ಪ್ರಫುಲ್ಲಾ ಹಾರ್ನಿನ ಮೇಲೆ ಅಂಗೈ ಇಟ್ಟು, ಅದು ಸರಿಯುವವರೆಗೂ ಬಿಡದೆ ಒತ್ತಿದಳು.